ಆಮೆ ನಡೆದ ದಾರಿ

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಹೋದ ತಲೆಮಾರಿಗೆ ಆ ಪುಟ್ಟ ತ್ರಿಕೋನ ನೆನಪಿರಲೇಬೇಕು. ಅದನ್ನು ಆಮೆ ಎಂದೇ ಕರೆಯುತ್ತಿದ್ದೆವು. ಎಫ್‌ಡಿ 100 ಎಂದರೆ ಗೆರೆ ಎಳೆಯುತ್ತ ಮುಂದೆ ಸಾಗುತ್ತಿತ್ತು, ಆರ್‌ಟಿ 90 ಎಂದರೆ ಬಲಕ್ಕೆ ಹೊರಳುತ್ತಿತ್ತು. ನಾಲ್ಕು ಸಲ ಹೀಗಾದರೆ ಚೌಕ. ಸ್ಪೆಲಿಂಗ್ ತಪ್ಪಿದರೆ ಬೈಗುಳವಿಲ್ಲ, ಇದನ್ನು ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ ಎಂದು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳುತ್ತಿತ್ತು. ತನಗೆ ಗೊತ್ತಿಲ್ಲ ಎನ್ನುವ ಮೇಷ್ಟ್ರನ್ನು ನಾವು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ಆಮೆಯ ಮನೆ ಲೋಗೊ ಭಾಷೆ. 1967ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್‌ಜೈಗ್ ಮತ್ತು ಸಂಗಡಿಗರು ಅದನ್ನು ಮಕ್ಕಳಿಗಾಗಿಯೇ ಕಟ್ಟಿದರು. ಪೇಪರ್ಟ್ ಅದಕ್ಕೂ ಹಿಂದೆ ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ಕೆಲಸ ಮಾಡಿ, ಮಕ್ಕಳು ಕಲಿಯುವ ಬಗೆಯನ್ನು ಹತ್ತಿರದಿಂದ ನೋಡಿದ್ದವರು. ಯಂತ್ರ ಮಗುವನ್ನು ಪಳಗಿಸಬಾರದು, ಮಗುವೇ ಯಂತ್ರವನ್ನು ಪಳಗಿಸಬೇಕು ಎಂಬುದು 1980ರ ಅವರ ಮೈಂಡ್‌ಸ್ಟಾರ್ಮ್ಸ್ ಪುಸ್ತಕದ ಭರವಸೆ. ವೃತ್ತ ಬರೆಯುವುದು ತಿಳಿಯಲಿಲ್ಲವೇ? ಎದ್ದು ನೀನೇ ಆಮೆಯಾಗು. ಒಂದು ಹೆಜ್ಜೆ ಇಡು, ತುಸು ತಿರುಗು, ಮತ್ತೊಂದು ಹೆಜ್ಜೆ, ಮತ್ತೆ ತುಸು. ಒಂದೊಂದು ಡಿಗ್ರಿಯಂತೆ 360 ಸಲ ತಿರುಗಿದರೆ ಹೊರಟ ಜಾಗಕ್ಕೇ ಬಂದಿರುತ್ತೀ. ರೇಖಾಗಣಿತ ಕಾಲಿಗೆ ದಕ್ಕಿದ ಮೇಲೆ ತಲೆಗೆ ಹತ್ತುತ್ತಿತ್ತು.

ನಮ್ಮ ದೇಶದಲ್ಲಿ 1984ರ ‘ಕ್ಲಾಸ್’ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ತಂದಿತು. ಮುಂದೆ ಲೋಗೊ ಪಠ್ಯಪುಸ್ತಕ ಸೇರಿತು, ಅದರ ಬೆನ್ನಿಗೇ ಪರೀಕ್ಷೆ. ಎಫ್‌ಡಿಯ ವಿಸ್ತೃತ ರೂಪವೇನು, ಒಂದು ಅಂಕ. ಆಮೆ ಕಾಪಿ ಪುಸ್ತಕದಲ್ಲಿ ನಡೆಯಿತು. ಮೇಷ್ಟ್ರದೂ ತಪ್ಪಲ್ಲ ಅನ್ನಿ. ವಾರಕ್ಕೊಂದು ಪೀರಿಯಡ್ಡು, ಒಂದು ಯಂತ್ರದ ಮುಂದೆ ನಾಲ್ಕು ಮಕ್ಕಳು, ಅಷ್ಟರಲ್ಲಿ ಕರೆಂಟ್ ಹೋದರೆ ಆಟವೆಲ್ಲಿಯದು?

2007ರ ಮೇ ತಿಂಗಳಲ್ಲಿ ಮಿಚೆಲ್ ರೆಸ್ನಿಕ್ ಬಳಗದ ಸ್ಕ್ರ್ಯಾಚ್ ಭಾಷೆ ಬಂದಾಗ ಸ್ಪೆಲಿಂಗಿನ ಕಾಟ ತಪ್ಪಿತು. ಬಣ್ಣದ ತುಂಡುಗಳನ್ನು ಜೋಡಿಸಿದರೆ ಸಾಕು, ಹೊಂದದ್ದು ಕೂಡಿಕೊಳ್ಳುವುದೇ ಇಲ್ಲ. 2014ರ ಸ್ಕ್ರ್ಯಾಚ್‌ಜೂನಿಯರ್ ಐದರಿಂದ ಏಳು ವರ್ಷದವರಿಗೆ ಚಿತ್ರಗಳಲ್ಲೇ ಆಜ್ಞೆ ಕೊಟ್ಟಿತು. ಓದಲು ಬಾರದ ಮಗುವೂ ಕಥೆ ಕುಣಿಸಬಲ್ಲದು. ಇಂಗ್ಲಿಷಿನ ಗೋಡೆ ಅಲ್ಲಿಗೆ ಬಿತ್ತು. ಕನ್ನಡದ ಮಕ್ಕಳಿಗೆ ಇದೇ ದೊಡ್ಡ ಗಳಿಕೆ. ಆಮೆಯ ಆ ‘ಗೊತ್ತಿಲ್ಲ’ ಮಾತ್ರ ಎಲ್ಲೋ ಕಳೆದುಹೋಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದ ಕೋಡಿಂಗ್ ಎಂದಿತು. ಅದೇ ವರ್ಷ ಲಾಕ್‌ಡೌನ್‌ನಲ್ಲಿ ಬೀಗ ಬಿದ್ದ ಮನೆಗಳ ಮೊಬೈಲ್‌ಗಳಲ್ಲಿ ಜಾಹೀರಾತುಗಳು ಆರು ವರ್ಷದ ಮಗುವೂ ಹಿಂದೆ ಬಿದ್ದೀತೆಂದು ಹೆದರಿಸಿದವು. ಉಚಿತ ಡೆಮೊ, ಆಮೇಲೆ ಬಿಡದೆ ಫೋನು. ಆಟವೆಂದು ಹುಟ್ಟಿದ್ದನ್ನು ದಿಗಿಲಾಗಿ ಮಾರಿದ ಆ ವರ್ಷದಷ್ಟು ನಷ್ಟ ಪರೀಕ್ಷೆಯಿಂದಲೂ ಆಗಿರಲಿಲ್ಲ. ಈಗಂತೂ ಬಾಯಲ್ಲಿ ಹೇಳಿದರೆ ಯಂತ್ರವೇ ಕೋಡ್ ಬರೆದುಕೊಡುತ್ತದೆ. ಕೋಡಿಂಗ್ ಕಲಿತರೆ ಉದ್ಯೋಗವೆಂದು ಆಸೆ ತೋರಿಸಿದವರು ಬೇರೆ ಸರಕು ಹುಡುಕುತ್ತಿದ್ದಾರೆ.

ಆಟ ಮಾತ್ರ ಇನ್ನೂ ಉಳಿದಿದೆ. ಸ್ಕ್ರ್ಯಾಚ್‌ನ ಬೆಕ್ಕು ತೆರೆಯ ಅಂಚಿಗೆ ಬಡಿದು ಹಿಂದಿರುಗುವಾಗ ತಲೆಕೆಳಗಾಗಿ ನಡೆಯುತ್ತದೆ. ಪ್ರತಿ ಮಗುವೂ ಇದನ್ನು ಕಂಡು ಒಮ್ಮೆ ನಕ್ಕೇ ನಗುತ್ತದೆ. ಆಗ ಅದನ್ನು ಸರಿಪಡಿಸಲು ದಯವಿಟ್ಟು ನೀವು ಮೌಸ್ ಹಿಡಿಯಬೇಡಿ.