ಉಗಿಬಂಡಿಯ ಚಿತ್ರದಲ್ಲಿ ಕಾಣದ ಕೈಗಳು

ಕಳೆದ ಎರಡು ಶತಮಾನಗಳಲ್ಲಿ ಮಾನವನ ಬದುಕನ್ನು ರೈಲಿನಷ್ಟು ಬದಲಿಸಿದ ಸಾಧನಗಳು ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ದೂರವನ್ನು ಹತ್ತಿರ ಮಾಡಿದ ಈ ಉಗಿಬಂಡಿ ಚಿತ್ರಕಾರರ, ಕಾದಂಬರಿಕಾರರ ಕಣ್ಣನ್ನು ಸೆಳೆದುದು ಸಹಜವೇ ಸರಿ. ಆದರೆ ಕಲೆಯು ರೈಲಿನಲ್ಲಿ ಏನನ್ನು ಕಂಡಿತು, ಏನನ್ನು ಕಾಣದೆ ಬಿಟ್ಟಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1844ರಲ್ಲಿ ಪ್ರದರ್ಶಿಸಿದ ಪ್ರಸಿದ್ಧ ಚಿತ್ರದಲ್ಲಿ ಮಳೆ, ಹಬೆ, ವೇಗಗಳ ನಡುವೆ ಎಂಜಿನ್ನೊಂದು ಥೇಮ್ಸ್ ನದಿಯ ಸೇತುವೆಯನ್ನು ದಾಟಿ ಬರುತ್ತದೆ. ಅದರ ಮುಂದೆ ಪ್ರಾಣಭಯದಿಂದ ಓಡುವ ಮೊಲವೊಂದನ್ನೂ ಕಲಾವಿದ ಮರೆತಿಲ್ಲ. ಮೊಲಕ್ಕೆ ದೊರೆತ ಸ್ಥಾನ ಸೇತುವೆ ಕಟ್ಟಿದ ಕೂಲಿಗಾರರಿಗೆ ದೊರೆಯಲಿಲ್ಲ. ಫ್ರಾನ್ಸಿನ ಮೋನೆ 1877ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣವನ್ನು ಮತ್ತೆ ಮತ್ತೆ ಚಿತ್ರಿಸಿದನು. ಆತನ ಲಕ್ಷ್ಯವೆಲ್ಲ ಗಾಜಿನ ಮಾಡಿನ ಕೆಳಗೆ ನೀಲಿಯಾಗಿ ಏಳುವ ಹಬೆಯ ಮೇಲೆ, ಅದರೊಡನೆ ಆಡುವ ಬೆಳಕಿನ ಮೇಲೆ.

ಅದೇ 1877ರಲ್ಲಿ ಮೈಸೂರು ಸೀಮೆಯ ಚಿತ್ರವೇ ಬೇರೆ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಭೀಕರ ಬರ ನಾಡನ್ನು ನುಂಗುತ್ತಿತ್ತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂಬುದೇ ಆ ಬರದ ಘೋರತೆಗೆ ಸಾಕ್ಷಿ. ಹಸಿದವರಿಗೆ ಕೂಲಿಯ ಮೂಲಕ ಕೂಳು ಒದಗಿಸಲು ಬೆಂಗಳೂರು–ಮೈಸೂರು ರೈಲುದಾರಿಯ ನಿರ್ಮಾಣವನ್ನು ಬರಪರಿಹಾರ ಕಾಮಗಾರಿಯಾಗಿ ಕೈಗೊಳ್ಳಲಾಯಿತು. ಗುದ್ದಲಿಯಿಂದ ಅಗೆದು, ಮಂಕರಿಯಲ್ಲಿ ಮಣ್ಣು ಹೊತ್ತು, ಏರಿ ಹಾಕಿದವರು ಊರು ಬಿಟ್ಟು ಬಂದ ಬಡವರು. ಸುಮಾರು 138 ಕಿಲೋಮೀಟರು ಉದ್ದದ ಆ ಮೀಟರ್‌ಗೇಜ್ ದಾರಿ ಹಂತಹಂತವಾಗಿ ತೆರೆದು 1882ರಲ್ಲಿ ಮೈಸೂರನ್ನು ಮುಟ್ಟಿತು. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲನ್ನು ಸ್ಮರಿಸುವವರು ಈ ಮಣ್ಣು ಹೊತ್ತವರನ್ನೂ ಸ್ಮರಿಸಬೇಡವೆ?

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಸ್ಥಾಪನೆಯಾಯಿತು. ಹಳೆಯ ಎಂಜಿನ್ನುಗಳು, ರೈಲ್ವೆಯ ಬೆಳವಣಿಗೆಯನ್ನು ತೋರುವ ಚಿತ್ರಗಳು, ಅರಸು ಮನೆತನದವರು ಬಳಸಿದ ವಿಶೇಷ ಬೋಗಿಗಳು ಅಲ್ಲಿವೆ. ವಿದ್ಯಾರ್ಥಿಗಳಿಗೆ ಅದೊಂದು ಅಮೂಲ್ಯ ಪಾಠಶಾಲೆ. ರಾಜಬೋಗಿಯ ಕುಸುರಿ ಕೆಲಸ ಕಂಡು ಬೆರಗಾಗುವುದು ತಪ್ಪಲ್ಲ. ಅದು ಉರುಳಿದ ಹಳಿಯ ಕೆಳಗಿನ ಮಣ್ಣನ್ನು ಹೊತ್ತವರು ಯಾರೆಂದು ಕೇಳದೆ ಹಿಂತಿರುಗುವುದು ಮಾತ್ರ ಅಪೂರ್ಣ ನೋಟ.

ಮೈಸೂರಿನಲ್ಲಿ ನೆಲೆಸಿ ಬರೆದ ಆರ್. ಕೆ. ನಾರಾಯಣರ ಮಾಲ್ಗುಡಿಗೆ ರೈಲು ನಿಲ್ದಾಣವೇ ಹೆಬ್ಬಾಗಿಲು. 1958ರಲ್ಲಿ ಪ್ರಕಟವಾದ ಅವರ ‘ದಿ ಗೈಡ್’ ಕಾದಂಬರಿಯಲ್ಲಿ ಊರಿಗೆ ರೈಲು ಬರುವ ಮೊದಲಿನ ಮಣ್ಣುಗುಡ್ಡೆಗಳೂ ಹಳಿ ಹಾಕುವ ಕೂಲಿಗಾರರೂ ಬಾಲಕ ರಾಜುವಿನ ಕಣ್ಣಿಗೆ ಬೀಳುತ್ತಾರೆ. ಇದು ಮೆಚ್ಚತಕ್ಕ ವಿಷಯ. ಆದರೂ ಕಥೆ ಮುಂದೆ ಸಾಗಿದಂತೆ ಅವರು ಮರೆಯಾಗುತ್ತಾರೆ. 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ನಾಡಿನ ನೆನಪಿನಲ್ಲಿ ಉಳಿಯಿತು. ಒಂದು ಸಣ್ಣ ನಿಲ್ದಾಣಕ್ಕೆ ಕಲೆ ಇಷ್ಟು ದೀರ್ಘ ಆಯುಷ್ಯವನ್ನು ನೀಡಬಲ್ಲುದಾದರೆ, ಹೆಸರಿಲ್ಲದ ಸಾವಿರಾರು ಜನರಿಗೂ ನೀಡಬಲ್ಲುದು.

ಕಲೆಯು ಇತಿಹಾಸದ ದಫ್ತರವಲ್ಲ, ಸೌಂದರ್ಯವೇ ಅದರ ಗುರಿ ಎಂದು ಕೆಲವರು ಆಕ್ಷೇಪಿಸಬಹುದು. ಮಾತು ಒಪ್ಪತಕ್ಕದ್ದೇ. ಆದರೆ ಸೌಂದರ್ಯವು ಹಬೆಯಲ್ಲಿ ಮಾತ್ರ ಇದೆ, ಬೆವರಿನಲ್ಲಿ ಇಲ್ಲ ಎಂದವರು ಯಾರು? ಮಂಕರಿ ಹೊತ್ತು ಏರಿ ಹತ್ತುವ ತಾಯಿಯ ಚಿತ್ರ ಯಾವ ಎಂಜಿನ್ನಿನ ಚಿತ್ರಕ್ಕೂ ಕಡಿಮೆಯಾದುದಲ್ಲ.

ರಾವಂದೂರಿನಂಥ ಊರಿನ ಮಕ್ಕಳಿಗೆ ಈ ವಿಚಾರ ದೂರದ್ದೆನಿಸಬಹುದು. ನೆರೆಯ ಕೃಷ್ಣರಾಜನಗರದಲ್ಲಿ ಮೈಸೂರು–ಅರಸೀಕೆರೆ ದಾರಿಯ ರೈಲು ನಿಲ್ಲುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿಗೆ ಮಾತ್ರ ಇನ್ನೂ ಹಳಿ ಬಂದಿಲ್ಲ. ಮೈಸೂರಿನಿಂದ ಕುಶಾಲನಗರದವರೆಗೆ ರೈಲು ಬೇಕೆಂಬ ಬೇಡಿಕೆ ಹಳೆಯದು. ಹೀಗಾಗಿ ಇಲ್ಲಿನ ಬಾಲಕ ಬಾಲಕಿಯರು ರೈಲನ್ನು ಹತ್ತುವ ಮೊದಲೇ ಚಿತ್ರದಲ್ಲಿ ಕಾಣುತ್ತಾರೆ. ಚಿತ್ರವೇ ಮೊದಲ ಪರಿಚಯವಾದವರಿಗೆ ಆ ಚಿತ್ರ ಪೂರ್ಣವಾಗಿರಬೇಕಾದುದು ಇನ್ನಷ್ಟು ಅಗತ್ಯ.

ಆದುದರಿಂದ ಚಿತ್ರಕಲೆಯ ತರಗತಿಯಲ್ಲಿ ರೈಲು ಬಿಡಿಸಲು ಹೇಳುವ ಉಪಾಧ್ಯಾಯರು ಎಂಜಿನ್ನು, ಹೊಗೆ, ಡಬ್ಬಿಗಳಿಗೆ ನಿಲ್ಲಿಸದೆ, ಆ ಹಳಿಯನ್ನು ಹಾಕಿದವರನ್ನೂ ಬಿಡಿಸೆಂದು ಹೇಳಲಿ. ಪ್ರವಾಸಕ್ಕೆ ಮೈಸೂರಿಗೆ ಹೋದಾಗ ಧಾತು ಸಂವತ್ಸರದ ಕಥೆಯನ್ನೂ ತಿಳಿಸಲಿ. ನಾಳೆ ಈ ತಾಲ್ಲೂಕಿಗೆ ರೈಲು ಬರುವ ದಿನ ಜನ ಎಂಜಿನ್ನಿಗೆ ಹೂವಿನ ಹಾರ ಹಾಕುವುದು ನಿಶ್ಚಯ. ಅಂದು ಹಳಿಯ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತವನ ಕಡೆಗೂ ಒಮ್ಮೆ ತಿರುಗಿ ನೋಡುವ ಕಣ್ಣು ಈ ಮಕ್ಕಳಿಗೆ ಇರುವುದಾದರೆ, ಶಾಲೆ ಕಲಿಸಿದ್ದು ಸಾರ್ಥಕವಾದಂತೆ.