‘ಮೈನಸ್ ಮೈನಸ್ ಪ್ಲಸ್’ ಅನ್ನೋದನ್ನ ಸ್ವಲ್ಪ ದಿನ ಪಕ್ಕಕ್ಕಿಡೋಣ

ಲೆಕ್ಕದ ಮಾತು – ಭಾಗ 4

ಮೊನ್ನೆ ಪಕ್ಕದ ಮನೆಯ ಏಳನೇ ಕ್ಲಾಸ್ ಹುಡುಗಿ ಹೋಮ್‌ವರ್ಕ್ ತಗೊಂಡು ಬಂದಿದ್ಲು. −5 − 3 ಎಷ್ಟು? ಅವಳು ಬರೆದಿದ್ದು 8. ಯಾಕೆ ಅಂತ ಕೇಳಿದ್ರೆ, “ಮೈನಸ್ ಮೈನಸ್ ಪ್ಲಸ್ ಅಲ್ವಾ ಅಕ್ಕಾ?”

ನಗಬೇಡಿ. ಅವಳ ವಯಸ್ಸಲ್ಲಿ ನಾನೂ ಹಾಗೇ ಬರೀತಿದ್ದೆ, ನಿಮ್ಮಲ್ಲೂ ಸುಮಾರು ಜನ ಬರೆದಿರ್ತೀರ. ನೋಟ್ಸಲ್ಲಿ ಕೆಂಪು ಗೆರೆ ಬಿತ್ತು, “ನಂಗೆ ಮ್ಯಾಥ್ಸ್ ಬರಲ್ಲ” ಅಂತ ನಾವೇ ತೀರ್ಮಾನ ಮಾಡ್ಕೊಂಡ್ವಿ.

ನನ್ನ ಪ್ರಕಾರ ತಪ್ಪು ಮಕ್ಕಳದ್ದಲ್ಲ. ಅರ್ಥ ಹೇಳೋಕೆ ಮುಂಚೆ ಬಾಯಿಪಾಠ ಮಾಡಿಸ್ತೀವಲ್ಲ, ಅದರದ್ದು. ಆ ಸೂತ್ರ ಗುಣಾಕಾರಕ್ಕೆ ಸರಿ: (−5) × (−3) = 15. ಆದ್ರೆ ಎಲ್ಲಿ ಎರಡು ಮೈನಸ್ ಕಂಡ್ರೂ ಪ್ಲಸ್ ಅಂತ ಮಗು ತಿಳ್ಕೊಳ್ಳುತ್ತೆ. −5 − 3ರಲ್ಲಿ ಮೊದಲನೇ ಮೈನಸ್ ಆ 5 ಎಂಥದ್ದು ಅಂತ ಹೇಳುತ್ತೆ, ಎರಡನೇದು ‘ಕಳಿ’ ಅನ್ನುತ್ತೆ. ಗುರುತು ಒಂದೇ, ಕೆಲಸ ಎರಡು. ಇದನ್ನ ನಮಗೆ ಯಾರು ಬಿಡಿಸಿ ಹೇಳಿದ್ರು?

ತಮಾಷೆ ಅಂದ್ರೆ ಉತ್ತರ ನಮ್ಮ ಪಾಠದ ಹೆಸರಲ್ಲೇ ಇದೆ. ‘ಋಣ ಸಂಖ್ಯೆ’. ಋಣ ಅಂದ್ರೆ ಸಾಲ! 628ರಲ್ಲೇ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ ಅಂತಾನೇ ಹೆಸರಿಟ್ಟು ಕೂಡೋ ಕಳೆಯೋ ನಿಯಮ ಕೊಟ್ಟಿದ್ದಾನೆ. ಋಣಕ್ಕೆ ಋಣ ಸೇರಿದ್ರೆ ಋಣವೇ.

ಅವಳಿಗೆ ಹೀಗೆ ಕೇಳಿದೆ:

👉 ಅಂಗಡೀಲಿ 5 ರೂಪಾಯಿ ಸಾಲ ಇದೆ. ಇವತ್ತು ಇನ್ನೂ 3 ರೂಪಾಯಿ ಸಾಲ ಮಾಡ್ದೆ. ಈಗ ನಿನ್ನ ಹತ್ರ 8 ರೂಪಾಯಿ ಇದ್ಯಾ?
“ಅಯ್ಯೋ ಇಲ್ಲ, 8 ಕೊಡ್ಬೇಕು!” ಸರಿ, ಅದೇ −8.

👉 5 − (−3)? ಜೇಬಲ್ಲಿ 8 ಇದೆ, ಸಾಲ 3. ಲೆಕ್ಕಕ್ಕೆ ನಿನ್ನದು ಅನ್ನೋದು 5. ಅಂಗಡಿಯವರು “ಆ 3 ಕೊಡಬೇಡ ಬಿಡು” ಅಂದ್ರು. ಸಾಲ ಕಳೀತು, ಈಗ ಪೂರ್ತಿ 8 ನಿನ್ನದೇ.

ಬಿಕಾಂನವರೇ, ಆಸ್ತಿಯಲ್ಲಿ ಸಾಲ ಕಳೆದ್ರೆ ಬಂಡವಾಳ ಅಂತ ನಾವು ಓದಿದ್ದೂ ಇದನ್ನೇ ಅಲ್ವಾ?

ಸಾಲದ ಕಥೆ ಎಲ್ಲಾ ಕಡೆ ನಡೆಯಲ್ಲ, ಒಪ್ತೀನಿ. ಸಾಲವನ್ನ ಸಾಲದಿಂದ ಗುಣಿಸೋದು ಅಂದ್ರೆ ಏನು ಅಂತ ಕೇಳಿದ್ರೆ ನಾನೂ ಸುಮ್ಮನಾಗ್ತೀನಿ. ಅದಕ್ಕೇ ಹೇಳ್ತಿರೋದು: ಕೂಡೋದು ಕಳೆಯೋದು ಮೊದಲು ಗಟ್ಟಿಯಾಗಲಿ, ಆ ಸೂತ್ರ ಗುಣಾಕಾರದ ದಿನ ಬರಲಿ.

ಇನ್ನೊಂದು ಮಾತು. 1758ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಮಸೆರೆಸ್ ಅನ್ನೋ ಗಣಿತಜ್ಞ ಋಣ ಸಂಖ್ಯೆಗಳೇ ಬೇಡ ಅಂತ ಪುಸ್ತಕ ಬರೆದಿದ್ದ. ಅಂಥವನಿಗೇ ಇದು ಗಂಟಲಲ್ಲಿ ಇಳೀಲಿಲ್ಲ. ಹನ್ನೆರಡು ವರ್ಷದ ಮಗು ತಡವರಿಸಿದ್ರೆ ದಡ್ಡ ಅನ್ನಬೇಡಿ.

ನಿಮ್ಮ ತಂಗಿ, ತಮ್ಮ, ಟ್ಯೂಷನ್ ಮಕ್ಕಳಿಗೆ ಇವತ್ತೇ −5 − 3 ಕೇಳಿ ನೋಡಿ. ಏನಂದ್ರು ಅಂತ ಕಾಮೆಂಟಲ್ಲಿ ಹೇಳಿ 👇

#ಲೆಕ್ಕದಮಾತು #ಋಣಸಂಖ್ಯೆ #ಬಿಕಾಂ