ನೆರಳು ಯಾರ ಸೊತ್ತು?

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈಗ ಹೊಸ ಸರಕೊಂದು ಮಾರಾಟಕ್ಕೆ ಬಂದಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಅನುಕೂಲಸ್ಥರು ಇನ್ನು ಮುಂದೆ ಕಿಟಕಿಯ ಪರದೆಯನ್ನು ಕೈಯಿಂದ ಎಳೆಯಬೇಕಾಗಿಲ್ಲ. ಪರದೆ ಸುತ್ತಿಕೊಳ್ಳುವ ಕೊಳವೆಯೊಳಗೆ ಒಂದು ಮೋಟಾರು. ಅದಕ್ಕೆ ಅಪ್ಪಣೆ ಕೊಡಲು ಜೇಬಿನಲ್ಲಿ ಫೋನು. ಬಿಸಿಲೇರಿದ್ದನ್ನು ತಾನೇ ತಿಳಿದು ಪರದೆ ಇಳಿಸುವ ಸಾಧನವೂ ಉಂಟು. ಯಜಮಾನರು ಕಚೇರಿಯಲ್ಲಿ ಕುಳಿತೇ ಮನೆಯ ಕಿಟಕಿ ಮುಚ್ಚಬಹುದು. ಒಂದೊಂದು ಕಿಟಕಿಗೆ ಹತ್ತು ಸಾವಿರ ರೂಪಾಯಿಗೂ ಮೇಲೆ ಬೆಲೆ ಹೇಳುವುದುಂಟು.

"ಬೆಂಗಳೂರಿನ ಸಾಹುಕಾರರ ಕಿಟಕಿ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ವಾಚಕರು ಕೇಳಬಹುದು. ಆಗಬೇಕಾದ್ದು ಬಹಳವಿದೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ದುಡಿಯಲು ಹೋಗಿರುವುದು ಅದೇ ಊರಿಗೆ. ಅಲ್ಲಿ ಹುಟ್ಟಿದ ಷೋಕಿ ನಾಳೆ ಇಲ್ಲಿಗೆ ಬರುವುದೂ ನಿಶ್ಚಯ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ನಮ್ಮ ಪೇಟೆ ಬೀದಿಯಲ್ಲಿ ಆಗಲೇ ನಾಲ್ಕಾರು ಅಂಗಡಿಗಳು ಮುಂಭಾಗಕ್ಕೆಲ್ಲ ಗಾಜು ಹೊದ್ದು, ಒಳಗೆ ಬೇಯುತ್ತ, ಕರೆಂಟಿನ ಬಿಲ್ಲಿಗೆ ಹೆದರುತ್ತ ನಿಂತಿಲ್ಲವೆ?

ಕಳೆದ ಬೇಸಿಗೆಯಲ್ಲಿ ಸಂಘಟನೆಯ ಕೆಲಸದ ಮೇಲೆ ಹೋಗಿದ್ದಾಗ ಜಯನಗರದ ಅಂಗಡಿಯೊಂದರಲ್ಲಿ ಈ ಪರದೆಯ ಆಟವನ್ನು ಕಣ್ಣಾರೆ ಕಂಡೆವು. ತೋರಿಸಿದ ಹುಡುಗ ನಮ್ಮ ಕಡೆಯವನೇ.

"ನೀನಿರುವುದೆಲ್ಲಪ್ಪ?" ಎಂದು ಕೇಳಿದೆವು.

"ಬಿ.ಟಿ.ಎಂ. ಬಡಾವಣೆಯಲ್ಲಿ ಸಾರ್. ಮೂರನೇ ಮಹಡಿ ಮೇಲೆ ಶೀಟಿನ ರೂಮು."

"ನಿನ್ನ ಕಿಟಕಿಗೆ ಏನು ಪರದೆ?"

ಹುಡುಗ ನಕ್ಕುಬಿಟ್ಟ. "ಅಮ್ಮನ ಹಳೇ ಸೀರೆ ಸಾರ್."

ಹಗಲೆಲ್ಲ ಪರರಿಗೆ ನೆರಳು ಮಾರುವವನು ರಾತ್ರಿ ಕಾದ ತಗಡಿನ ಕೆಳಗೆ ಹೊರಳಾಡುತ್ತಾನೆ. ನಾವು ಹೇಳಹೊರಟಿರುವುದು ಈ ವಿಷಯವನ್ನೇ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ತಂಪಿಗೆ ಹೆಸರಾದ ಊರು. ಅಲ್ಲಿ 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ ಕೊನೆಯಲ್ಲಿ ಮತ್ತೆ 38.5 ಡಿಗ್ರಿ ದಾಖಲಾಯಿತು. ಕೆರೆ ಮುಚ್ಚಿದರು, ಮರ ಕಡಿದರು, ಕಾಂಕ್ರೀಟು ಹಾಸಿದರು. ಅಷ್ಟು ಸಾಲದೆಂದು ಗೋಡೆ ಇರಬೇಕಾದಲ್ಲಿ ಗಾಜು ನಿಲ್ಲಿಸಿದರು.

ಗಾಜಿನ ಸ್ವಭಾವವನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದುಂಟು. ಅದು ಬಿಸಿಲನ್ನು ಒಳಕ್ಕೆ ಬಿಡುತ್ತದೆ. ಆ ಬಿಸಿಲಿಗೆ ಕಾದ ನೆಲ, ಗೋಡೆ, ಮಂಚಗಳ ಶಾಖವನ್ನು ಹಾಗೆಯೇ ಹೊರಕ್ಕೆ ಬಿಡುವುದಿಲ್ಲ. ಗಾಜಿನ ಒಳಗಡೆ ಪರದೆ ಕಟ್ಟಿದರೆ ಕಣ್ಣು ಕುಕ್ಕುವುದು ತಪ್ಪೀತು. ಆದರೆ ಬಿಸಿಲು ಆಗಲೇ ಮನೆ ಹೊಕ್ಕಾಗಿದೆ. ಪರದೆ ತಾನೇ ಕಾದು ಕೋಣೆಯನ್ನು ಕಾಯಿಸುತ್ತದೆ. ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿದ ಹಾಗೆ! ಬಿಸಿಲನ್ನು ತಡೆಯಬೇಕಾದ್ದು ಗಾಜಿನ ಹೊರಗೆ.

ಇದನ್ನು ನಮ್ಮ ಹಿರಿಯರು ಯಾವ ಫೋನಿನಿಂದಲೂ ಕಲಿಯಲಿಲ್ಲ. ಕರಾವಳಿಯ ಸೆಕೆ ಬೆಂಗಳೂರಿನ ಸೆಕೆಗಿಂತ ಕಠಿಣವಾದದ್ದು. ಅಲ್ಲಿಯ ಮನೆಗಳಿಗೆ ಇಳಿಜಾರು ಸೂರು, ಸುತ್ತ ಜಗಲಿ. ಗೋಡೆಗೆ ಬಿಸಿಲೇ ತಾಗದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೂ ಆ ಕ್ರಮ ಉಳಿಯಿತು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಮರದ ಜಾಲರಿಯ ಚೂಪು ಸೂರು ಇರುತ್ತಿತ್ತು. ಮಂಕಿ ಟಾಪ್ ಎಂದು ಅದಕ್ಕೆ ಹೆಸರು. ಬಯಲುಸೀಮೆಯಲ್ಲಿ ಬಿದಿರಿನ ತಟ್ಟಿ. ಉಳ್ಳವರಾದರೆ ಲಾವಂಚದ ತಟ್ಟಿ, ಮೇಲೆ ನಾಲ್ಕು ಚೆಂಬು ನೀರು. ಎಲ್ಲವೂ ಕಿಟಕಿಯ ಹೊರಗೆ, ಎಲ್ಲವೂ ಊರ ಬಡಗಿಯ, ಮೇದರವನ ಕೈಕೆಲಸ. ಕರೆಂಟು ಹೋದರೂ ಅದರ ನೆರಳು ಹೋಗುತ್ತಿರಲಿಲ್ಲ.

ಈಗ ನಡೆಯುತ್ತಿರುವುದೇನು? ಸಜ್ಜಾ ಹಾಕಿದರೆ ಜಾಗ ಹೋಯಿತೆಂದು, ಅಂದ ಕೆಟ್ಟಿತೆಂದು ಅದನ್ನು ಬಿಟ್ಟು ಗಾಜಿನ ಮನೆ ಕಟ್ಟಿ ಮಾರುತ್ತಾರೆ. ಒಳಗಿದ್ದವರು ಬೆಂದಾಗ ತಂಪಿನ ಯಂತ್ರ ಮಾರುತ್ತಾರೆ. ಬಿಲ್ಲು ಏರಿದಾಗ ಮೋಟಾರಿನ ಪರದೆ ತರುತ್ತಾರೆ. ಮಗುವನ್ನು ಚಿವುಟುವವರೂ ಇವರೇ, ತೊಟ್ಟಿಲು ತೂಗುವವರೂ ಇವರೇ. ಚಿವುಟಿದ್ದಕ್ಕೂ ಹಣ, ತೂಗಿದ್ದಕ್ಕೂ ಹಣ!

ನಾವು ಯಂತ್ರದ ವೈರಿಗಳಲ್ಲ. ಹಾಸಿಗೆ ಹಿಡಿದ ಮುದುಕಿ, ಕೈಕಾಲು ಸ್ವಾಧೀನವಿಲ್ಲದವನು ಗುಂಡಿ ಒತ್ತಿ ಪರದೆ ಇಳಿಸಿಕೊಂಡರೆ ನಮಗೆ ಸಂತೋಷವೇ. ಹಣವುಳ್ಳವರು ಕೊಂಡರೆಂದು ಹೊಟ್ಟೆಕಿಚ್ಚೂ ಇಲ್ಲ. ನಮ್ಮ ಜಗಳ ಮೋಟಾರಿನೊಡನೆ ಅಲ್ಲ. ನೆರಳನ್ನು ಅಂಗಡಿಯ ಸರಕು ಮಾಡಿ, ಕೊಳ್ಳಲಾರದವನನ್ನು ಬಿಸಿಲಿಗೆ ಬಿಟ್ಟ ವ್ಯವಸ್ಥೆಯೊಡನೆ.

ಬಿಸಿಲಿಗೆ ಬಿಟ್ಟಿರುವುದು ಯಾರನ್ನು? ಜಯನಗರದಿಂದ ಕೆಲವೇ ಮೈಲಿ ಆಚೆ ಬೊಮ್ಮನಹಳ್ಳಿ. ಅಲ್ಲಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಶಾಖ, ಇಸ್ತ್ರಿಯ ಹಬೆ. ನೂಲಿನ ಗಿರಣಿಯಲ್ಲಿ ಎಳೆ ಕಡಿಯಬಾರದೆಂದು ತೇವ ಹಿಡಿದಿಟ್ಟ ಗಾಳಿಯಲ್ಲಿ ದುಡಿದ ನಮ್ಮ ಓದುಗರಿಗೆ ಆ ಸೆಕೆಯನ್ನು ವಿವರಿಸಬೇಕಾಗಿಲ್ಲ. ಬೆಂಗಳೂರು 39.2 ಡಿಗ್ರಿ ಕಂಡ ಅದೇ 2016ರ ಏಪ್ರಿಲಿನಲ್ಲಿ ಆ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಹೊಸೂರು ರಸ್ತೆಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲಿಕರ ಪಾಲನ್ನು 58 ವರ್ಷದವರೆಗೆ ಮುಟ್ಟಕೂಡದೆಂಬ ನಿಯಮದ ವಿರುದ್ಧ ಸುಡುಬಿಸಿಲಿನಲ್ಲಿ ನಿಂತರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಬಿಸಿಲಿಗೆ ಹೆದರದವರು ನ್ಯಾಯ ಪಡೆದರು ಎಂಬುದನ್ನು ನಾವು ಮರೆಯಬಾರದು.

ಸಣ್ಣ ವ್ಯಾಪಾರಿಗಳ ಪಾಡೂ ಇದೇ. 2014ರಲ್ಲಿ ಬೀದಿ ವ್ಯಾಪಾರಿಗಳ ರಕ್ಷಣೆಗೆ ಕಾಯ್ದೆ ಬಂತು. ಹಾಗಿದ್ದೂ 2023ರ ನವೆಂಬರಿನಲ್ಲಿ ಜಯನಗರ ನಾಲ್ಕನೆಯ ಬ್ಲಾಕಿನ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರು. ಹೂವಿನವಳ ಕೊಡೆ, ಹಣ್ಣಿನವನ ಟಾರ್ಪಾಲು ಊರಿನ ಅಂದ ಕೆಡಿಸುತ್ತವಂತೆ! ಮಹಡಿಯ ಕಿಟಕಿಗೆ ಮೋಟಾರಿನ ನೆರಳು ಅಲಂಕಾರ. ಕೆಳಗೆ ಕುಳಿತವಳ ತಲೆಯ ಮೇಲಿನ ನೆರಳು ಅಪರಾಧ.

ಕಾನೂನು ಇಲ್ಲವೆನ್ನುವ ಹಾಗೂ ಇಲ್ಲ. ಕಾರ್ಖಾನೆಯ ಗೋಡೆ ಚಾವಣಿಗಳು ಶಾಖವನ್ನು ಆದಷ್ಟು ತಗ್ಗಿಸುವಂತಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 13ನೆಯ ಕಲಮು ವಿಧಿಸಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಸಂಹಿತೆ ಬಂದಿದೆ. ಗಾಳಿ, ಉಷ್ಣತೆ, ತೇವಗಳ ಮಾತು ಅದರಲ್ಲಿಯೂ ಇದೆ. ಇನ್ನು ವಾಸದ ಮನೆಗೆ ಬನ್ನಿ. 2018ರಲ್ಲಿ ಕೇಂದ್ರ ಸರ್ಕಾರ ಈಕೋ ನಿವಾಸ ಸಂಹಿತೆಯನ್ನು ಹೊರಡಿಸಿ, ಗೋಡೆ ಕಿಟಕಿಗಳ ಮೂಲಕ ಒಳಗೆ ಬರುವ ಶಾಖ ಚದರ ಮೀಟರಿಗೆ 15 ವಾಟ್ ಮೀರಬಾರದೆಂದು ಗೊತ್ತುಮಾಡಿತು. ಒಳ್ಳೆಯದೇ. ಆದರೆ 500 ಚದರ ಮೀಟರಿಗಿಂತ ಚಿಕ್ಕ ನಿವೇಶನಗಳನ್ನು ಅದರಿಂದ ಹೊರಗಿಟ್ಟಿತು. ಮೂವತ್ತು-ನಲವತ್ತರ ಸೈಟೆಂದರೆ ಸುಮಾರು 111 ಚದರ ಮೀಟರು. ಆ ಸೈಟಿನ ಮೂರನೆಯ ಮಹಡಿಯ ಮೇಲಿನ ಶೀಟಿನ ಕೋಣೆಗೆ ಯಾವ ಸಂಹಿತೆ? ಸಂಹಿತೆ ದೊಡ್ಡವರಿಗೆ, ಸೆಕೆ ಚಿಕ್ಕವರಿಗೆ!

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಪಶ್ಚಿಮದ ಕಿಟಕಿಗೆ ಹೊರಗಡೆ ನೆರಳಿಲ್ಲದ ನಕ್ಷೆಗೆ ನಗರಸಭೆ ಮಂಜೂರಾತಿ ಕೊಡಬಾರದು. ಸಂಜೆಯ ಬಿಸಿಲು ಓರೆಯಾಗಿ ಬೀಳುವುದರಿಂದ ಅಲ್ಲಿ ಸಜ್ಜಾ ಒಂದೇ ಸಾಲದು. ಜಾಲರಿಯೋ ತಟ್ಟಿಯೋ ಮರವೋ ಬೇಕು. ಬಾಡಿಗೆಯ ಶೀಟಿನ ಕೋಣೆಗಳಿಗೆ, ಕಾರ್ಖಾನೆಯ ತಗಡಿನ ಚಾವಣಿಗೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವುದು ಮಾಲಿಕರ ಹೊಣೆಯಾಗಬೇಕು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು, ನಮ್ಮವರಿಗೇಕೆ ಆಗದು? ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗಿರಣಿಯ ಬಾಗಿಲಲ್ಲಿ ನಿಂತವರ ತಲೆಗೆ ನೆರಳು ಬೇಕು. ಅದಕ್ಕೆ ಹೊಂಗೆ, ಬೇವಿನ ಸಸಿ ಸಾಕು, ಫೋನು ಬೇಡ.

ಬೆಂಗಳೂರು ಮಾಡಿದ ತಪ್ಪನ್ನು ನಮ್ಮ ಊರು ಇನ್ನೂ ಪೂರ್ತಿ ಮಾಡಿಲ್ಲ. ಗಾಜಿನ ಷೋಕಿಗೆ ಸಾಲ ಮಾಡುವ ಮೊದಲು ಅಂಗಡಿಯ ಬಾಂಧವರು ಒಂದು ಸಲ ಮೇದರ ಕೇರಿಗೆ ಹೋಗಿ ತಟ್ಟಿಯ ಬೆಲೆ ಕೇಳಲಿ. ಕಾರ್ಮಿಕ ಬಾಂಧವರು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿ, ಬೋನಸ್ಸಿನ ಜೊತೆಗೆ ಚಾವಣಿಯ ಮಾತನ್ನೂ ಸೇರಿಸಲಿ.

ಬಿಸಿಲು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ನೆರಳನ್ನು ಹಂಚುವವರು ಮಾತ್ರ ತಾರತಮ್ಯ ಮಾಡುತ್ತಾರೆ. ಆ ಹಂಚಿಕೆಯನ್ನು ನಾವು ಇನ್ನು ಅವರ ಕೈಗೇ ಬಿಟ್ಟು ಕೂಡಬೇಕೆ?